ಆಯ್ತಣ್ಣನ ಕಷ್ಟದ ಚೀಟಿ

ಹೊಸ ಕೆಲಸಕ್ಕೆ ಸೇರಿದ ದಿನ ಬೆಳಗ್ಗೆ ಒಂಬತ್ತೂ ಹತ್ತಕ್ಕೆ, ತನಗೇನೂ ಕಷ್ಟವಿಲ್ಲ ಎಂದು ಹೇಳಿದ್ದೇ ಆಯ್ತಣ್ಣ ಮಾಡಿದ ಮೊದಲ ತಪ್ಪು. ಬೇರೆ ಯಾವ ಆಫೀಸಿನಲ್ಲಾದರೂ ಈ ಮಾತು ಕೇಳಿ ಮೇಲಿನವರು ನೆಮ್ಮದಿಯಿಂದ ಟೀ ಕುಡಿಯಲು ಹೋಗುತ್ತಿದ್ದರು. ಆದರೆ ಇದು ನೌಕರರನ್ನು ಕಣ್ಣಿಗೆ ರೆಪ್ಪೆಯಂತೆ ಕಾಯುವ ಜಾಹೀರಾತು ಕಂಪನಿ. ಅಲ್ಲಿ ಯೋಗಕ್ಷೇಮದ ಮೇಡಂ ಎಂಬೊಬ್ಬರಿದ್ದರು. ನೌಕರರ ಸುಖದುಃಖ ವಿಚಾರಿಸುವುದೇ ಅವರ ಹುದ್ದೆ. ಅವರು ಆಯ್ತಣ್ಣನ ಕೈಗೆ ಒಂದು ಹಳದಿ ಚೀಟಿ ಕೊಟ್ಟರು.

"ಇದು ಕಷ್ಟದ ಚೀಟಿ. ಹೊಸಬರು ಮೊದಲನೇ ದಿನ ತಮ್ಮದೊಂದು ಕಷ್ಟ ಬರೀಬೇಕು. ಸಂಜೆಯೊಳಗೆ ಎಲ್ಲರೂ ಸೇರಿ ಅದನ್ನ ಪರಿಹಾರ ಮಾಡ್ತೀವಿ."

"ನನಗೇನೂ ಕಷ್ಟ ಇಲ್ಲ ಮೇಡಂ."

ಮೇಡಂ ಮುಖ ಬಾಡಿತು. ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತು ದನಿ ತಗ್ಗಿಸಿದರು. "ಎಷ್ಟು ದಿನದಿಂದ ಹೀಗೆ?"

ಇನ್ನು ಇವರನ್ನು ಬಿಡಿಸಿಕೊಳ್ಳಲು ಏನಾದರೂ ಬರೆಯಲೇಬೇಕು ಎಂದುಕೊಂಡು ಆಯ್ತಣ್ಣ ಪೆನ್ನು ತೆಗೆದ. ಸುಳ್ಳು ಬರೆಯಲು ಮನಸ್ಸು ಬರಲಿಲ್ಲ. 'ನನಗೆ ಯಾರಿಗೂ ಇಲ್ಲ ಎನ್ನಲು ಬರುವುದಿಲ್ಲ' ಎಂದು ಬರೆದು ಕೊಟ್ಟ.

ಅದಂತೂ ಅಪ್ಪಟ ನಿಜ. ಹಿಂದಿನ ಅಚ್ಚುಕೂಟದಲ್ಲಿ ಹನ್ನೊಂದು ವರ್ಷ ಕರಡು ತಿದ್ದುತ್ತಿದ್ದಾಗ, ಯಾರು ಏನು ಹೇಳಿದರೂ "ಆಯ್ತಣ್ಣ" ಎನ್ನುತ್ತಿದ್ದುದರಿಂದಲೇ ಅವನಿಗೆ ಆ ಹೆಸರು ಅಂಟಿಕೊಂಡಿತ್ತು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಷಿನ್ನಿನವನ ಪಾಳಿ, ಬೈಂಡಿಂಗಿನವನ ಪಾಳಿ, ಮಾಲೀಕರ ನಾಯಿಯ ಸಂಜೆಯ ವಾಕಿಂಗು, ಎಲ್ಲವೂ ಇವನ ಪಾಲಿಗೇ. ಅಚ್ಚುಕೂಟ ಮುಚ್ಚಿದ ದಿನ ಬೀಗದ ಕೈ ಹಿಂತಿರುಗಿಸಲು ಹೋದವನು ಮಾಲೀಕರ ಮನೆಯ ಸಾಮಾನೆಲ್ಲ ಲಾರಿಗೆ ಹೇರಿ ಬಂದಿದ್ದ.

ಈ ಕೆಲಸ ಅವನಿಗೆ ಬೇಕೇ ಬೇಕಿತ್ತು. ಇದು ಕೈತಪ್ಪಿದರೆ ಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗಲು ಕೂರಬೇಕು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅಳಿಯನ ಮೇಲೆ ಅಷ್ಟು ನಂಬಿಕೆಯಿದ್ದ ಮಾವ ಅವನಿಗೆಂದು ಒಂದು ಸ್ಟೂಲನ್ನು ಆಗಲೇ ತಂದಿಟ್ಟಿದ್ದರು. ಅವನು ಆ ಕಡೆ ಹೋದಾಗಲೆಲ್ಲ ಅಂಗಡಿಗೆ ಬಂದವರಿಗೆ ಅವರು "ಇವನೇ ನೋಡಿ ನಮ್ಮ ಅಳಿಯ" ಎಂದು ಹೇಳಿ ಒಂದು ನಿಟ್ಟುಸಿರು ಬಿಡುತ್ತಿದ್ದರು. ಮೊಳೆಯನ್ನು ಹೇಗೋ ಸಹಿಸಬಹುದು, ಆ ನಿಟ್ಟುಸಿರನ್ನು ದಿನವಿಡೀ ಕೇಳುವುದು ಸಾಧ್ಯವಿಲ್ಲ ಎಂದು ಆಯ್ತಣ್ಣನಿಗೆ ಖಾತ್ರಿಯಿತ್ತು.

"ಇಲ್ಲಾದ್ರೂ ಕೋಲೆ ಬಸವನ ಹಾಗೆ ತಲೆ ಆಡಿಸ್ಬೇಡಿ" ಎಂದು ಬೆಳಗ್ಗೆ ಹೆಂಡತಿ ಹೇಳಿದ್ದಳು. "ಕರೆದಿರೋದು ತಪ್ಪು ತಿದ್ದೋಕೆ. ತಿದ್ದಿ, ಮನೆಗೆ ಬನ್ನಿ."

"ಆಯ್ತು" ಎಂದು ಹೇಳಿ ಬಂದಿದ್ದ.

ತಪ್ಪು ತಿದ್ದುವುದು ಅಲ್ಲಿ ಅಷ್ಟು ಸುಲಭದ ಕೆಲಸವಾಗಿರಲಿಲ್ಲ. ಆ ಕಂಪನಿಯಲ್ಲಿ ತಪ್ಪು ಎನ್ನುವ ಹಾಗಿಲ್ಲ, 'ಇನ್ನೊಂದು ರೀತಿಯ ಸರಿ' ಎನ್ನಬೇಕು. ಗೋಡೆಯ ಗಡಿಯಾರ ನಲವತ್ತು ನಿಮಿಷ ಹಿಂದಿತ್ತು. ಅದರ ಕೆಳಗೆ 'ಅದರ ವೇಗದಲ್ಲಿ ಅದು ಹೋಗಲಿ' ಎಂದು ಅಂಟಿಸಿದ್ದರು. ಶೌಚಾಲಯದ ಚಿಲಕ ಕಿತ್ತುಹೋಗಿ ಮೂರು ತಿಂಗಳಾಗಿತ್ತು. ಅದಕ್ಕೆ ಬೇಸರವಾದೀತೆಂದು ಯಾರೂ ದೂರು ಕೊಟ್ಟಿರಲಿಲ್ಲ. ಒಳಗೆ ಹೋದವರು ಹಾಡು ಹೇಳಿಕೊಳ್ಳುತ್ತಿದ್ದರು.

ಚೀಟಿ ಓದಿದ ಮೇಡಂ ಆಫೀಸಿನ ಹತ್ತೊಂಬತ್ತು ಜನರನ್ನೂ ಸೇರಿಸಿದರು.

"ಈಜು ಬರಬೇಕು ಅಂದ್ರೆ ನೀರಿಗೆ ಇಳೀಲೇಬೇಕು. ಇವತ್ತಿಡೀ ಎಲ್ಲರೂ ಬಿಡುವಾದಾಗ ಇವರ ಹತ್ರ ಬಂದು ಏನಾದ್ರೂ ಕೇಳಿ. ಕೇಳಬಾರದ್ದನ್ನೇ ಕೇಳಿ. ಇವರು ಇಲ್ಲ ಅಂತ ಹೇಳಿ ಅಭ್ಯಾಸ ಮಾಡ್ಕೊಳ್ಳಲಿ." ಆಮೇಲೆ ಆಯ್ತಣ್ಣನ ಕಡೆ ತಿರುಗಿದರು. "ಆಗಬಹುದಾ?"

ಆಯ್ತಣ್ಣನಿಗೆ ಸುತರಾಂ ಇಷ್ಟವಿರಲಿಲ್ಲ. "ಆಯ್ತು ಮೇಡಂ" ಎಂದ.

ಮೊದಲು ಬಂದವನು ಪೋಸ್ಟರ್ ಬರೆಯುವ ಚಿತ್ರಗಾರ. ಗಡ್ಡದ ತುದಿಗೆ ನೀಲಿ ಬಣ್ಣ ಹತ್ತಿಸಿಕೊಂಡಿದ್ದ ಅವನು ಬಹಳ ಸಂಕೋಚದಿಂದ "ನಿಮ್ಮ ಬಲಗಾಲಿನ ಶೂ ಕೊಡ್ತೀರಾ?" ಎಂದು ಕೇಳಿದ.

ಇಲ್ಲ ಎನ್ನಬೇಕೆಂದು ಆಯ್ತಣ್ಣ ಬಾಯಿ ತೆರೆದ. ಚಿತ್ರಗಾರನ ಕಣ್ಣಿನಲ್ಲಿ ಎಂಥದೋ ಆಸೆ ಕಂಡಿತು. ಪಾಪ, ಏನು ತೊಂದರೆಯೋ ಏನೋ ಎನ್ನಿಸಿ ಬಗ್ಗಿ ಲೇಸು ಬಿಚ್ಚಿಕೊಟ್ಟ. ಚಿತ್ರಗಾರ ಶೂ ಹಿಡಿದುಕೊಂಡು ಏನು ಮಾಡಬೇಕೆಂದು ತೋಚದೆ ಅದರಲ್ಲಿ ಬ್ರಷ್ಷುಗಳನ್ನು ನಿಲ್ಲಿಸಿದ.

"ಪರವಾಗಿಲ್ಲ" ಎಂದರು ಮೇಡಂ. "ಕೊಡೋಕೆ ಮುಂಚೆ ಎರಡು ಸೆಕೆಂಡು ತಡೆದ್ರಿ. ನಾನು ಗಮನಿಸಿದೆ." ಎಲ್ಲರೂ ಚಪ್ಪಾಳೆ ತಟ್ಟಿದರು.

ಎರಡನೆಯವಳು ಘೋಷವಾಕ್ಯ ಬರೆಯುವ ಹುಡುಗಿ. ತನ್ನ ಮೇಜಿನ ಮೇಲಿದ್ದ ಮುಳ್ಳಿನ ಗಿಡದ ಕುಂಡವನ್ನು ಸಂಜೆಯವರೆಗೂ ಎತ್ತಿಕೊಂಡಿರುತ್ತೀರಾ ಎಂದಳು. ಎತ್ತಿಕೊಂಡ. ಮೂರನೆಯವನು ಭಾನುವಾರ ಮನೆ ಬದಲಾಯಿಸುವವನಿದ್ದ. ಬೀರು ಹೊರಲು ಬರುತ್ತೀರಾ ಎಂದ. ಬೀರು ಎಷ್ಟನೇ ಮಹಡಿಗೆ ಎಂದು ಕೇಳಿಕೊಂಡು ಆಯ್ತಣ್ಣ ಒಪ್ಪಿದ. ನಾಲ್ಕನೆಯವನು ಫೋಟೋ ತೆಗೆಯುವವನು. ಅವನು ಕೇಳಿದ್ದು ಮೀಸೆಯನ್ನು, ಅದರಲ್ಲೂ ಅರ್ಧ ಮಾತ್ರ.

"ಅರ್ಧ ಯಾಕೆ?" ಎಂದು ಆಯ್ತಣ್ಣ ಕೇಳಿದ.

"ಪೂರ್ತಿ ಕೇಳಿದ್ರೆ ನೀವು ಇಲ್ಲ ಅಂದುಬಿಡ್ತೀರೇನೋ ಅಂತ ಭಯ ಆಯ್ತು ಸಾರ್."

"ಅಯ್ಯೋ ಮಾರಾಯ, ಇಲ್ಲ ಅಂತ ಹೇಳ್ಸೋಕೇ ತಾನೇ ಕೇಳೋದು" ಎಂದು ಮೇಡಂ ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ಎಡಗಡೆಯ ಮೀಸೆ ಹೋಗಿತ್ತು.

ಹನ್ನೆರಡೂವರೆಗೆ ಆಯ್ತಣ್ಣ ಒಂದು ಶೂ, ಅರ್ಧ ಮೀಸೆ ಮತ್ತು ಒಂದು ಮುಳ್ಳಿನ ಗಿಡದೊಂದಿಗೆ ಕೂತಿದ್ದ. ಇದಲ್ಲದೆ ಯಾರದೋ ಮಗನಿಗೆ ಈಜು ಕಲಿಸುವುದಾಗಿಯೂ ಮಾತು ಕೊಟ್ಟಿದ್ದ. ಅವನಿಗೆ ಈಜು ಬರುತ್ತಿರಲಿಲ್ಲ. ತಿದ್ದಬೇಕಾದ ಕರಡಿನ ಒಂದು ಸಾಲನ್ನೂ ನೋಡಿರಲಿಲ್ಲ. ಹೀಗಾದರೆ ಸಂಜೆಯೊಳಗೆ ಸ್ಟೂಲೇ ಗತಿ ಎಂದುಕೊಂಡು, ಕುಂಡವನ್ನು ಒಂದೇ ಕೈಯಲ್ಲಿ ಹಿಡಿದು ಕರಡನ್ನು ಹತ್ತಿರಕ್ಕೆ ಎಳೆದುಕೊಂಡ. ಕಂಪನಿಯ ಯಜಮಾನರು ಬೆಳಗ್ಗೆಯಿಂದ ಮೂರು ಸಲ ಅವನ ಮೇಜಿನ ಬಳಿ ಬಂದು, "ಹೇಗಿದೀರಿ?" ಎಂದು ಕೇಳಿ, ಇನ್ನೇನೋ ಹೇಳಲು ಹೊರಟವರಂತೆ ನಿಂತು, ಹಾಗೇ ಹಿಂತಿರುಗಿದ್ದರು.

ಊಟದ ಹೊತ್ತಿಗೆ ಹೆಂಡತಿಯ ಫೋನು ಬಂತು. ಪಕ್ಕದಲ್ಲಿದ್ದ ಯಾರೋ "ನಮಗೂ ಕೇಳೋ ಹಾಗೆ ಇಡ್ತೀರಾ?" ಎಂದರು. ಇಟ್ಟ.

"ನೋಡಿ, ಅಪ್ಪ ಕೇಳ್ತಿದಾರೆ. ಸಂಜೆ ಅಂಗಡಿ ಕಡೆ ಬಂದು ಸ್ಟೂಲು ಎತ್ತರ ಸರಿ ಇದೆಯಾ ಅಂತ ಒಂದ್ಸಲ ಕೂತು ನೋಡ್ತೀರಾ?"

ಹಿಂದಿನ ಹನ್ನೊಂದು ವರ್ಷವೂ ಆ ದಿನ ಬೆಳಗ್ಗೆಯಿಂದ ಕಳೆದ ಮೂರು ತಾಸೂ ಒಟ್ಟಿಗೆ ನಾಲಗೆಯ ತುದಿಗೆ ಬಂದವು. "ಇಲ್ಲ" ಎಂದ ಆಯ್ತಣ್ಣ.

ಹತ್ತೊಂಬತ್ತು ಜನರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಮೇಡಂ ಕಣ್ಣೊರೆಸಿಕೊಂಡರು.

"ಅದೇನ್ರೀ ಸದ್ದು, ಮಳೆ ಬರ್ತಿದೆಯಾ?" ಎಂದಳು ಹೆಂಡತಿ.

"ಇಲ್ಲ." ಮತ್ತೆ ಚಪ್ಪಾಳೆ.

"ಮೈ ಹುಷಾರಾಗಿದೆ ತಾನೇ?"

"ಇಲ್ಲ." ಈಗ ಅದು ತಾನಾಗಿಯೇ ಬರುತ್ತಿತ್ತು. ಹೆಂಡತಿ "ಮನೆಗೆ ಬನ್ನಿ, ಮಾತಾಡ್ತೀನಿ" ಎಂದು ಫೋನಿಟ್ಟಳು.

ಅಲ್ಲಿಂದ ಆಯ್ತಣ್ಣನನ್ನು ಹಿಡಿಯುವವರೇ ಇಲ್ಲವಾಯಿತು. ಟೀ ತಂದವರಿಗೆ ಇಲ್ಲ ಎಂದ. ಮುಳ್ಳಿನ ಗಿಡವನ್ನು ಅದರ ಒಡತಿಯ ಮೇಜಿನ ಮೇಲೆ ಇಟ್ಟು, ಇನ್ನು ಎತ್ತಿಕೊಳ್ಳಲ್ಲ ಎಂದ. ಭಾನುವಾರದ ಬೀರುವಿನವನನ್ನು ತಾನೇ ಹುಡುಕಿಕೊಂಡು ಹೋಗಿ ಇಲ್ಲ ಎಂದ. ಇಷ್ಟು ಚಿಕ್ಕ ಮಾತಿನಲ್ಲಿ ಇಷ್ಟು ಸುಖವಿದೆಯೆಂದು ಯಾರೂ ತನಗೆ ಹೇಳಿರಲಿಲ್ಲವಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು. ಶೂ ಒಂದನ್ನು ವಾಪಸು ಕೇಳಲಿಲ್ಲ, ಅದರೊಳಗೆ ಬ್ರಷ್ಷುಗಳು ಚೆನ್ನಾಗಿ ನಿಂತಿದ್ದವು.

ಎರಡು ಗಂಟೆಗೆ ಛತ್ರಿ ಕಾರ್ಖಾನೆಯ ಸಾಹುಕಾರರು ಬಂದರು. ಎಂಟು ತಿಂಗಳಿಂದ ಅವರ ಒಂದು ಪೋಸ್ಟರ್ ತಯಾರಾಗುತ್ತಲೇ ಇತ್ತು. ಬಂದಾಗಲೆಲ್ಲ ಅವರು ಏನಾದರೊಂದು ಸೇರಿಸಿ ಎನ್ನುವುದು, ಕಂಪನಿಯವರು ಸೇರಿಸುವುದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ಸದ್ಯಕ್ಕೆ ಆ ಪೋಸ್ಟರಿನಲ್ಲಿ ಹದಿನಾಲ್ಕು ಬಗೆಯ ಅಕ್ಷರ, ಎರಡು ಸೂರ್ಯ, ಸಾಹುಕಾರರ ಮೊಮ್ಮಗ ಮತ್ತು ಒಂದು ಹಡಗು ಇದ್ದವು. ಛತ್ರಿ ಹಡಗಿನ ಹಿಂದೆ ಎಲ್ಲೋ ಇತ್ತು.

"ಒಂದು ಕುದುರೆ ಹಾಕಿದ್ರೆ ಹೇಗೆ?" ಎಂದರು ಸಾಹುಕಾರರು.

"ಬಹಳ ಚೆನ್ನಾಗಿರುತ್ತೆ ಸಾರ್" ಎನ್ನಲು ಯಜಮಾನರು ಬಾಯಿ ತೆರೆಯುವುದಕ್ಕೆ ಮುಂಚೆ, ಕರಡು ಹಿಡಿದು ಮೂಲೆಯಲ್ಲಿ ನಿಂತಿದ್ದ ಆಯ್ತಣ್ಣ ಹೇಳಿದ: "ಕುದುರೆ ಬೇಡ."

ಯಜಮಾನರ ಮುಖ ಸುಣ್ಣದಂತೆ ಬಿಳಿಚಿತು. ಸಾಹುಕಾರರು ಆಯ್ತಣ್ಣನ ಅರ್ಧ ಮೀಸೆಯನ್ನೂ ಬರಿಗಾಲನ್ನೂ ನೋಡಿದರು.

"ಹಡಗು?"

"ಅದೂ ಬೇಡ."

"ಮೊಮ್ಮಗ?"

"ಮನೇಲಿರ್ಲಿ ಸಾರ್. ಛತ್ರಿ ಒಂದಿದ್ರೆ ಸಾಕು."

ಸಾಹುಕಾರರು ಎದ್ದು ಬಂದು ಅವನ ಕೈ ಹಿಡಿದುಕೊಂಡರು. "ಎಂಟು ತಿಂಗಳಿಂದ ಕಾಯ್ತಿದೀನಪ್ಪಾ, ಯಾರಾದ್ರೂ ನನ್ನ ತಡೀತಾರಾ ಅಂತ. ಇವರು ತಡೀಲೇ ಇಲ್ಲ. ನನಗೇ ಹೆದರಿಕೆ ಆಗೋಕೆ ಶುರುವಾಗಿತ್ತು." ಅಂದೇ ಪೋಸ್ಟರ್ ಒಪ್ಪಿಗೆಯಾಯಿತು.

ಇನ್ನು ಈ ಕೆಲಸ ತನ್ನದೇ ಎಂದು ಆಯ್ತಣ್ಣನಿಗೆ ಖಾತ್ರಿಯಾಯಿತು. ಸ್ಟೂಲಿನ ಮೇಲೆ ಮಾವ ಸುಣ್ಣದ ಡಬ್ಬ ಇಟ್ಟುಕೊಳ್ಳಲಿ ಎಂದುಕೊಂಡು ಒಳಗೊಳಗೇ ನಕ್ಕ. ಸ್ವಲ್ಪ ಹೊತ್ತಿಗೆ ಯಜಮಾನರು ಅವನನ್ನು ತಮ್ಮ ಕೋಣೆಗೆ ಕರೆಸಿ, ತಾವೇ ಕುರ್ಚಿ ಎಳೆದುಕೊಟ್ಟರು.

"ನಿಮ್ಮಿಂದ ಒಂದು ಉಪಕಾರ ಆಗಬೇಕು. ನೀವು ಬಂದಿರೋ ಜಾಗಕ್ಕೆ ಸಂದರ್ಶನ ಮಾಡಿದ್ವಲ್ಲ, ಏಳು ಜನ ಬಂದಿದ್ರು. ಏಳು ಜನಕ್ಕೂ ಬನ್ನಿ ಅಂದುಬಿಟ್ಟಿದೀವಿ."

"ಏಳು ಜನಕ್ಕೂ?"

"ಒಬ್ಬೊಬ್ಬರ ಮುಖ ನೋಡಿದಾಗಲೂ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಮುಂದಿನ ವಾರ, ಮುಂದಿನ ವಾರ ಅಂತ ತಳ್ಳಿ ತಳ್ಳಿ ಇವತ್ತಿಗೆ ಬಂದು ನಿಂತಿದೆ. ಆಗಲೇ ಬಂದು ಹೊರಗಡೆ ಬೆಂಚಿನ ಮೇಲೆ ಕೂತಿದಾರೆ, ನೋಡಿ. ಇರೋದು ಒಂದೇ ಕುರ್ಚಿ. ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ನಾವೆಲ್ಲ ತಲೆ ಕೆಡಿಸ್ಕೊಂಡಿದ್ವಿ. ಅಷ್ಟರಲ್ಲಿ ನೀವು ಕುದುರೆ ಬೇಡ ಅಂದ್ರಿ." ಯಜಮಾನರು ಒಂದು ಹೆಸರಿನ ಪಟ್ಟಿ ಮುಂದಿಟ್ಟರು. "ನೀವೇ ಹೇಳಿಬಿಡ್ತೀರಾ?"

ಗಾಜಿನ ಆಚೆ ಆರು ಜನ ತೊಡೆಯ ಮೇಲೆ ಫೈಲಿಟ್ಟುಕೊಂಡು ಕೂತಿದ್ದರು. ಎಲ್ಲರ ಕೈಯಲ್ಲೂ ಮೂರನೆಯ ಸಲದ ಟೀ ಇತ್ತು. ಆಯ್ತಣ್ಣನಿಗೆ ಅಯ್ಯೋ ಅನ್ನಿಸಿತು. ಆದರೆ ಕುರ್ಚಿ ಒಂದೇ, ಅದರಲ್ಲಿ ಕೂತವನು ತಾನು. ಕುರ್ಚಿ ಉಳಿಸಿಕೊಳ್ಳುವುದಾದರೆ ಇಷ್ಟು ಮಾಡಲೇಬೇಕು.

"ಆಯ್ತು ಸಾರ್" ಎಂದು ಎದ್ದ.

ಮೊದಲನೆಯವರು ಎರಡು ಬಸ್ಸು ಬದಲಾಯಿಸಿ ಬಂದಿದ್ದ ಹೆಂಗಸು. ಇಲ್ಲ ಎಂದ. ಎರಡನೆಯವನು ಹೊಸ ಅಂಗಿ ಹಾಕಿಕೊಂಡು ಬಂದಿದ್ದ, ಕಾಲರಿನೊಳಗಿನ ರಟ್ಟು ಕೂಡ ತೆಗೆದಿರಲಿಲ್ಲ. ಅವನಿಗೂ ಇಲ್ಲ ಎಂದ. ಮೂರನೆಯವರು ಆಯ್ತಣ್ಣನಿಗಿಂತ ಹತ್ತು ವರ್ಷ ದೊಡ್ಡವರು. ಅವರಿಗೆ ಕೈ ಮುಗಿದು ಹೇಳಿದ. ಆರನೆಯವನು "ನನ್ನ ಜಾಗದಲ್ಲಿ ನೀವಿದ್ರೆ ಏನು ಮಾಡ್ತಿದ್ರಿ?" ಎಂದು ಕೇಳಿದ. ಇಲ್ಲ ಎಂದಷ್ಟೇ ಹೇಳಿ, ಬೆವರು ಒರೆಸಿಕೊಂಡು ಒಳಗೆ ಬಂದ.

"ಆರೂ ಆಯ್ತು ಸಾರ್."

"ಪಟ್ಟಿ ಹಿಂದುಗಡೆ ಇನ್ನೊಂದು ಹೆಸರಿದೆ" ಎಂದರು ಯಜಮಾನರು. ಅವರು ಕಿಟಕಿಯ ಕಡೆ ನೋಡುತ್ತಿದ್ದರು.

ಆಯ್ತಣ್ಣ ಕಾಗದ ತಿರುಗಿಸಿ ಓದಿದ. ಎಲ್ಲೋ ಕೇಳಿದ ಹೆಸರು ಅನ್ನಿಸಿತು. ಅಚ್ಚುಕೂಟದ ಹಾಜರಿ ಪುಸ್ತಕ ನೆನಪಾಗಿ ಇನ್ನೊಮ್ಮೆ ಓದಿದ.

"ಸಾರ್, ಇದು ನಾನು."

"ಹೌದು. ಬೆಳಗ್ಗೆಯಿಂದ ಮೂರು ಸಲ ಹೇಳೋಕೆ ಬಂದೆ. ಹೇಗಿದೀರಿ ಅಂತ ಕೇಳೋಕಷ್ಟೇ ಆಯ್ತು."

"ಕುರ್ಚಿ ಒಂದಿದೆ ಅಂದ್ರಲ್ಲ ಸಾರ್."

"ಅದು ನನ್ನ ಹೆಂಡತಿ ತಮ್ಮನಿಗೆ. ನಿನ್ನೆ ಊಟಕ್ಕೆ ಕೂತಾಗ ಕೇಳಿದ್ಲು." ಯಜಮಾನರು ಕಿಟಕಿ ಬಿಟ್ಟು ಅವನ ಕಡೆ ತಿರುಗಿದರು. "ನನಗೂ ಇಲ್ಲ ಅನ್ನೋಕೆ ಬರಲ್ಲ. ನಿಮ್ಮ ಚೀಟಿ ಓದಿದಾಗ ನಾನೇ ಬರೆದಿದ್ದೇನೋ ಅನ್ನಿಸ್ತು. ದಯವಿಟ್ಟು ಇದೊಂದು ನೀವೇ ಹೇಳಿಬಿಡಿ."

ಹುಟ್ಟಿದಾಗಿನಿಂದ ಬಾರದಿದ್ದ ಸಿಟ್ಟು ಆಗ ಆಯ್ತಣ್ಣನಿಗೆ ಬಂತು. ಮೇಜು ಗುದ್ದಿ ಹೇಳಿದ: "ಆಗಲ್ಲ ಸಾರ್. ನಾನು ಹೋಗಲ್ಲ. ಖಂಡಿತಾ ಆಗಲ್ಲ."

ಬಾಗಿಲ ಹೊರಗಿನಿಂದ ದೊಡ್ಡ ಚಪ್ಪಾಳೆ ಕೇಳಿಸಿತು. ಮೇಡಂ ಬಾಗಿಲು ತಳ್ಳಿಕೊಂಡು ಒಳಗೆ ಬಂದರು, ಅವರ ಹಿಂದೆ ಉಳಿದವರು.

"ಇದೇ ದನಿ" ಎಂದರು ಮೇಡಂ. "ಇಡೀ ದಿನದಲ್ಲಿ ಇದೇ ಎಲ್ಲಕ್ಕಿಂತ ಚೆನ್ನಾಗಿ ಬಂದಿದ್ದು. ಇದೇ ದನೀಲಿ ಏಳನೆಯವರಿಗೂ ಹೇಳಿಬಿಡಿ. ನಿಮ್ಮನ್ನ ಒಂಟಿಯಾಗಿ ಬಿಡಲ್ಲ, ನಾವೆಲ್ಲ ಜೊತೆಗಿರ್ತೀವಿ."

ಜೊತೆಗಿದ್ದರು, ಅದರಲ್ಲಿ ಮೋಸವಿಲ್ಲ. ಎದುರುಬದುರು ಎರಡು ಕುರ್ಚಿ ಹಾಕಿಸಿದರು. ಹೇಳುವವನಿಗೆ ಧೈರ್ಯ ಬೇಕೆಂದು ಒಂದು ಕುರ್ಚಿಯ ಹಿಂದೆ ಹತ್ತು ಜನ ನಿಂತರು. ಕೇಳುವವನಿಗೆ ಸಮಾಧಾನ ಬೇಕೆಂದು ಇನ್ನೊಂದರ ಹಿಂದೆ ಒಂಬತ್ತು ಜನ ನಿಂತರು. ಆ ಕಡೆ ಒಬ್ಬರು ಕಮ್ಮಿಯಾದರೆಂದು ಯಜಮಾನರೇ ಹೋಗಿ ಸೇರಿಕೊಂಡರು.

ಆಯ್ತಣ್ಣ ಮೊದಲನೆಯ ಕುರ್ಚಿಯ ಮುಂದೆ ನಿಂತು, ಖಾಲಿ ಕುರ್ಚಿಗೆ ಹೇಳಿದ: "ನಿಮ್ಮನ್ನ ಕೆಲಸಕ್ಕೆ ತಗೊಳ್ಳೋಕಾಗಲ್ಲ."

"ಸ್ಪಷ್ಟವಾಗಿತ್ತು" ಎಂದು ಅವನ ಹಿಂದಿನ ಹತ್ತು ಜನ ಬೆನ್ನು ತಟ್ಟಿದರು. ಆಮೇಲೆ ಮೇಡಂ ಅವನ ಭುಜ ಹಿಡಿದು ನಡೆಸಿಕೊಂಡು ಹೋಗಿ ಎದುರಿನ ಕುರ್ಚಿಯಲ್ಲಿ ಕೂರಿಸಿದರು. ಆ ಕಡೆಯ ಹತ್ತು ಜನ ನೀರು ಕೊಟ್ಟರು, ತಲೆ ನೇವರಿಸಿದರು. ಚಿತ್ರಗಾರ ಅವನ ಮುಂಗೈ ಹಿಡಿದುಕೊಂಡು ಬಿಕ್ಕಿದ.

"ಈಗ ಹೇಳಿ" ಎಂದರು ಮೇಡಂ ಬಹಳ ಮೆತ್ತಗೆ. "ನಿಮ್ಮ ಒಪ್ಪಿಗೆ ಇಲ್ಲದೆ ನಾವು ಯಾರನ್ನೂ ಕಳಿಸಲ್ಲ. ಇದಕ್ಕೆ ಒಪ್ಪಿಗೆ ಇದೆಯಾ?"

ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಮಾತನ್ನು ಅವನು ಮಧ್ಯಾಹ್ನದಿಂದ ಮೂವತ್ತು ಸಲ ಹೇಳಿದ್ದ. ಸುತ್ತಲೂ ಇಪ್ಪತ್ತು ಮುಖಗಳು ಎಷ್ಟು ಪ್ರೀತಿಯಿಂದ ನೋಡುತ್ತಿದ್ದವೆಂದರೆ, ಅವುಗಳನ್ನು ನೋಯಿಸಲು ಅವನಿಗೆ ಮನಸ್ಸು ಬರಲಿಲ್ಲ.

"ಆಯ್ತು" ಎಂದ.

ನಾಲ್ಕೂವರೆಗೆ ಅವನು ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ. ಒಂದು ಕಾಲಿಗೆ ಮೆಟ್ಟಿಲಿನ ಸಿಮೆಂಟು ತಣ್ಣಗೆ ತಾಗುತ್ತಿತ್ತು. ಆ ಹೊತ್ತಿಗೆ ಹೆಂಡತಿ ಮತ್ತೆ ಫೋನು ಮಾಡಿದಳು. ಮಧ್ಯಾಹ್ನದ ಉತ್ತರ ಕೇಳಿ ಅಪ್ಪನಿಗೆ ಬಹಳ ಬೇಜಾರಾಗಿದೆ ಎಂದಳು. ಆಯ್ತಣ್ಣ ನಡೆದದ್ದನ್ನು ಹೇಳಿದ. ಆ ಕಡೆ ಫೋನು ಕೈ ಬದಲಾಯಿತು, ಒಂದು ನಿಟ್ಟುಸಿರು ಕೇಳಿಸಿತು. "ನಾಳೆ ಹತ್ತಕ್ಕೆ ಅಂಗಡಿ ತೆಗೀತೀನಿ" ಎಂದರು ಮಾವ.

ಕೊನೆಯ ಮೆಟ್ಟಿಲಿನಲ್ಲಿ ಎದುರಿಗೆ ಒಬ್ಬ ಬಂದ. ಗುಂಗುರು ಕೂದಲು, ಕೈಯಲ್ಲಿ ಹೊಸ ಊಟದ ಡಬ್ಬಿ, ಮುಖದಲ್ಲಿ ಗಾಬರಿ.

"ಸಾರ್, ಜಾಹೀರಾತು ಕಂಪನಿ ಮೇಲೇನಾ? ನಾಳೆಯಿಂದ ಕೆಲಸಕ್ಕೆ ಬಾ ಅಂದಿದಾರೆ ಭಾವ. ಒಂದ್ಸಲ ಜಾಗ ನೋಡ್ಕೊಂಡು ಹೋಗೋಣ ಅಂತ ಬಂದೆ. ಕರಡು ತಿದ್ದೋ ಕೆಲಸ ಅಂತೆ. ಕರಡು ಅಂದ್ರೆ ಏನು ಅಂತಾನೂ ನನಗೆ ಗೊತ್ತಿಲ್ಲ." ಅವನು ಆಯ್ತಣ್ಣನ ಚೀಲದಿಂದ ಇಣುಕುತ್ತಿದ್ದ ಕೆಂಪು ಪೆನ್ನು ನೋಡಿದ. "ನೀವು ಅದೇ ಕೆಲಸ ಮಾಡೋರ ಹಾಗೆ ಕಾಣ್ತೀರಿ. ನಾಕು ದಿನ ಬಂದು ಸ್ವಲ್ಪ ಹೇಳಿಕೊಡೋಕಾಗುತ್ತಾ?"

ಆಯ್ತಣ್ಣ ಅವನನ್ನು ದಿಟ್ಟಿಸಿ ನೋಡಿದ. ಉಳಿದ ಅರ್ಧ ಮೀಸೆಯ ಮೇಲೆ ಕೈಯಾಡಿಸಿದ. ಉಸಿರು ಎಳೆದುಕೊಂಡ.

"ಎಂಟಕ್ಕೆ ಬಂದ್ರೆ ಆಗುತ್ತಾ? ಹತ್ತಕ್ಕೆ ನಾನು ಅಂಗಡೀಲಿರಬೇಕು."